ಬೋರ್‌ಹೋಲ್ ಎಲ್ಲಿ, ಎಷ್ಟು ಆಳ: ನಾನು ಯೋಜನೆ ಹಾಕುವ ಬಗೆ

ಕಟ್ಟಡದ ಪಾಯಕ್ಕಾಗಿ ಮಣ್ಣು ಪರೀಕ್ಷಿಸಲು ಕೊರೆಯುವ ತೂತುಗಳ, ಅಂದರೆ ಬೋರ್‌ಗಳ, ಜಾಗ ಗುರುತು ಮಾಡುವಾಗ ನಕ್ಷೆಯ ಮೇಲೆ ಚುಕ್ಕಿ ಇಡುವುದಕ್ಕೆ ಮೊದಲು ನಾನು ಪ್ರಶ್ನೆಗಳನ್ನು ಬರೆದುಕೊಳ್ಳುತ್ತೇನೆ. ಒಂದನೇ ಬೋರ್ ಯಾಕೆ? ಅತಿ ಭಾರದ ಕಂಬದ ಕೆಳಗೆ ಬಂಡೆ ಎಷ್ಟು ಆಳದಲ್ಲಿದೆ ಎಂದು ತಿಳಿಯಲು. ನಾಲ್ಕನೆಯದು ಯಾಕೆ? ಹಳ್ಳ ಮುಚ್ಚಿದ ತುಂಬುಮಣ್ಣು ಎಲ್ಲಿಗೆ ಮುಗಿಯುತ್ತದೆ ಎಂದು ನೋಡಲು. ಹೀಗೆ ಕಾರಣ ಹೇಳಲಾಗದ ಬೋರನ್ನು ಅಳಿಸಿ ಬೇರೆ ಕಡೆ ಇಡುತ್ತೇನೆ. ಹಳ್ಳ ಇತ್ತೆಂದು ಗೊತ್ತಾಗುವುದು ಹಳೆಯ ನಕ್ಷೆ ಮತ್ತು ಉಪಗ್ರಹ ಚಿತ್ರಗಳಿಂದ. ಅವುಗಳಿಗೆ ಅರ್ಧ ದಿನ ಕೊಟ್ಟರೆ ಅದು ವ್ಯರ್ಥವಾಗುವುದಿಲ್ಲ. ಹತ್ತಿರದ ತೆರೆದ ಬಾವಿಯ ನೀರಿನ ಮಟ್ಟವನ್ನೂ ಪಕ್ಕದಲ್ಲಿ ಅಗೆದಿದ್ದರೆ ಅಲ್ಲಿ ಕಾಣುವ ಪದರಗಳನ್ನೂ ನೋಡಿಕೊಂಡು ಬರುತ್ತೇನೆ.

ಬೋರ್‌ಗಳ ನಡುವಿನ ಅಂತರಕ್ಕೆ ಯೂರೋಕೋಡ್ 7ರ (ನೆಲ, ಪಾಯದ ವಿನ್ಯಾಸಕ್ಕೆ ಯುರೋಪಿನ ಮಾನದಂಡ) ಎರಡನೇ ಭಾಗ ಒಳ್ಳೆಯ ಆರಂಭ: ಬಹುಮಹಡಿ ಮತ್ತು ಕೈಗಾರಿಕಾ ಕಟ್ಟಡಗಳಿಗೆ 15ರಿಂದ 40 ಮೀಟರ್, ರಸ್ತೆ, ಕಾಲುವೆಗಳಂಥ ಉದ್ದನೆಯ ಕಾಮಗಾರಿಗೆ 20ರಿಂದ 200 ಮೀಟರ್. ಬೋರ್‌ಗಳೆಲ್ಲ ಒಂದೇ ಸಾಲಿನಲ್ಲಿ ಬೀಳಬಾರದು. ಪದರ ಯಾವ ದಿಕ್ಕಿಗೆ ಇಳಿಜಾರಾಗಿದೆ ಎಂದು ಹೇಳಲು ತ್ರಿಕೋನವಾಗಿ ಕನಿಷ್ಠ ಮೂರು ಬೇಕು. ಹತ್ತು ಬೋರ್‌ಗೆ ಒಪ್ಪಿಗೆ ಸಿಕ್ಕರೆ ಎಂಟಕ್ಕೆ ಮಾತ್ರ ಜಾಗ ಗುರುತಿಸಿ ಎರಡನ್ನು ಕೈಯಲ್ಲಿ ಉಳಿಸಿಕೊಳ್ಳುತ್ತೇನೆ. ಒಂದು ಬೋರ್‌ನಲ್ಲಿ 6 ಮೀಟರ್‌ಗೇ ಬಂಡೆ, ಅದರ ಪಕ್ಕದ್ದರಲ್ಲಿ 17 ಮೀಟರ್ ಆದರೂ ಇಲ್ಲ ಎಂದಾದಾಗ ನಡುವೆ ಹಾಕಲು ಅವು ಬೇಕೇಬೇಕು.

ಆಳದ ವಿಷಯದಲ್ಲಿ ಆತುರ ಸಲ್ಲದು. ಎಲ್ಲಕ್ಕೂ ಕಣ್ಣುಮುಚ್ಚಿ 10 ಮೀಟರ್ ಎಂದು ಬರೆಯುವುದು ಈ ಕೆಲಸದ ದೊಡ್ಡ ತಪ್ಪು. 2 ಮೀಟರ್ ಚೌಕದ ಒಂಟಿ ಫೂಟಿಂಗ್‌ಗೆ (ಒಂದು ಕಂಬದ ಕೆಳಗಿನ ಪಾಯ), ಒತ್ತಡ ಎರಡಕ್ಕೆ ಒಂದರ ಇಳಿಜಾರಿನಲ್ಲಿ (2 ಮೀಟರ್ ಕೆಳಗಿಳಿದಾಗ ಪ್ರತಿ ಬದಿಗೆ 1 ಮೀಟರ್) ಹರಡುತ್ತದೆ ಎಂದು ಲೆಕ್ಕ ಹಾಕಿದರೆ, ಸುಮಾರು 4.3 ಮೀಟರ್ ಕೆಳಗೆ ಅದು ಹತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ. ಇಡೀ ಕಟ್ಟಡದ ಕೆಳಗೆ ಒಂದೇ ಚಪ್ಪಡಿಯಾಗಿ ಹಾಸುವ ರಾಫ್ಟ್ ಪಾಯದ ಲೆಕ್ಕವೇ ಬೇರೆ. 24 × 36 ಮೀಟರ್ ರಾಫ್ಟ್, 3.5 ಮೀಟರ್ ಆಳದ ನೆಲಮಾಳಿಗೆ, ತಳದಲ್ಲಿ 120 ಕಿಲೋಪಾಸ್ಕಲ್ ಒತ್ತಡ ಎಂದುಕೊಳ್ಳಿ. ಅಗೆದು ತೆಗೆದ ಮಣ್ಣಿನ ಭಾರ 63 (3.5 × 18) ಕಳೆದರೆ ಹೊಸದಾಗಿ ಬೀಳುವುದು 57. ಅಂತರ್ಜಲ 3 ಮೀಟರ್ ಆಳದಲ್ಲಿದ್ದರೆ, ರಾಫ್ಟ್ ತಳದಿಂದ 27 ಮೀಟರ್ ಕೆಳಗೆ ಈ ಹೆಚ್ಚುವರಿ ಒತ್ತಡ 15ರಷ್ಟು ಉಳಿಯುತ್ತದೆ. ಅಲ್ಲಿ ಮೇಲಿನ ಮಣ್ಣಿನದೇ ಪರಿಣಾಮಿ ಒತ್ತಡ (ನೀರಿನ ಒತ್ತಡ ಕಳೆದು ಉಳಿಯುವುದು) ಸುಮಾರು 300. ಅಂದರೆ ಶೇಕಡಾ 5. ನಾನು ನಿಲ್ಲಿಸುವುದು ಅಲ್ಲಿ, ನೆಲದಿಂದ ಸುಮಾರು 31 ಮೀಟರ್‌ಗೆ. ಈ ಕಟ್ಟಡಕ್ಕೆ 10 ಮೀಟರ್ ಬೋರ್ ಹಾಕಿದ್ದರೆ 18 ಮೀಟರ್‌ನಲ್ಲಿ ಮೆದು ಜೇಡಿಪದರವಿದ್ದರೂ ಅದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಪಾಯ ಕೆಳಕ್ಕೆ ಕುಗ್ಗುವುದು ಅಂಥ ಪದರದಿಂದಲೇ. ನೆಲದಾಳಕ್ಕೆ ಇಳಿಸುವ ಕಂಬಪಾಯ, ಅಂದರೆ ಪೈಲ್ ಆದರೆ ಅದರ ತುದಿಯಿಂದ ಕೆಳಕ್ಕೆ ಕನಿಷ್ಠ 5 ಮೀಟರ್, ಅಥವಾ ಪೈಲ್ ಗುಂಪಿನ ಅಗಲದಷ್ಟು, ಅಥವಾ ಪೈಲ್ ವ್ಯಾಸದ ಮೂರರಷ್ಟು. ಇವುಗಳಲ್ಲಿ ಯಾವುದು ಹೆಚ್ಚೋ ಅದು.

ಬಂಡೆ ಬೇಗ ಸಿಕ್ಕರೆ ಅಲ್ಲಿಗೇ ಮುಗಿಸುವಂತಿಲ್ಲ. ಕೋರ್ (ಕೊರೆದು ತೆಗೆದ ಕಲ್ಲಿನ ಉರುಳೆ ಮಾದರಿ) ತೆಗೆಯುತ್ತ ಗಟ್ಟಿಬಂಡೆಯೊಳಗೆ 3 ಮೀಟರ್ ಆದರೂ ಇಳಿಯಬೇಕು, ಗುಂಡುಕಲ್ಲುಗಳಿರುವ ನೆಲದಲ್ಲಿ ಇನ್ನೂ ಹೆಚ್ಚು. ಒಂದೂವರೆ ಮೀಟರ್ ಒಳ್ಳೆಯ ಕೋರ್ ಬಂದು ಅದರ ಕೆಳಗೆ ಮತ್ತೆ ಮಣ್ಣು ಕಾಣಿಸಿದರೆ ಅದು ಬಂಡೆಯಲ್ಲ, ಗುಂಡು. ಆದ್ದರಿಂದ ಕೆಲಸದ ಪತ್ರದಲ್ಲಿ ಆಳದ ಜೊತೆಗೆ ನಿಲ್ಲಿಸುವ ಷರತ್ತನ್ನೂ ಬರೆಯುತ್ತೇನೆ. ನಿಲ್ಲಿಸು ಎನ್ನುವ ಮಾತು ರಿಗ್ (ಕೊರೆಯುವ ಯಂತ್ರ) ಪಕ್ಕದಲ್ಲಿರುವ ಎಂಜಿನಿಯರ್‌ನದ್ದಾಗಿರಬೇಕು. ಮೀಟರ್ ಲೆಕ್ಕದಲ್ಲಿ ಹಣ ಪಡೆಯುವವರಿಗೆ ಆ ತೀರ್ಮಾನ ಬಿಡಬಾರದು.

ಬೋರ್‌ನ ತಳಕ್ಕೆ ಕೊಳವೆ ಹೊಡೆದಿಳಿಸಿ ಮಣ್ಣಿನ ಬಿಗಿ ನೋಡುವ ಎಸ್‌ಪಿಟಿ (ಸ್ಟ್ಯಾಂಡರ್ಡ್ ಪೆನೆಟ್ರೇಶನ್ ಟೆಸ್ಟ್) ಪರೀಕ್ಷೆ ಪ್ರತಿ 1.5 ಮೀಟರ್‌ಗೆ, ಮತ್ತು ಪದರ ಬದಲಾದಲ್ಲೆಲ್ಲ. 63.5 ಕೆ.ಜಿ. ಸುತ್ತಿಗೆ, ಅದು ಬೀಳುವ ಎತ್ತರ 760 ಮಿ.ಮೀ., ಮೊದಲ 150 ಮಿ.ಮೀ. ಬಿಟ್ಟು ಮುಂದಿನ 300ರ ಹೊಡೆತಗಳೇ ಎನ್ ಮೌಲ್ಯ. ನೀರಿನ ಮಟ್ಟದ ಕೆಳಗಿನ ಮರಳಿನಲ್ಲಿ ಇದು ಸುಲಭವಾಗಿ ಕೆಡುತ್ತದೆ. ರಾಡ್ ಸೆಟ್ ಮೇಲೆತ್ತುವಾಗ ಕೇಸಿಂಗ್ (ತೂತಿನ ಗೋಡೆ ಕುಸಿಯದಂತೆ ಇಳಿಸಿದ ಕೊಳವೆ) ಒಳಗಿನ ನೀರು ಇಳಿದರೆ ಹೊರಗಿನ ನೀರು ತಳದಿಂದ ನುಗ್ಗಿ ಮರಳನ್ನು ಸಡಿಲ ಮಾಡಿ ಮೇಲಕ್ಕೆ ತಳ್ಳುತ್ತದೆ. ಎನ್ 22 ಬರಬೇಕಾದಲ್ಲಿ 8 ಬರುತ್ತದೆ. ಗುರುತು ಸುಲಭ: ಕೊರೆದದ್ದು 9 ಮೀಟರ್, ಇಳಿಬಿಟ್ಟ ರಾಡ್ 8.6ಕ್ಕೇ ತಟ್ಟಿ ನಿಂತಿದೆ. ಆ 40 ಸೆ.ಮೀ. ಒಳನುಗ್ಗಿದ ಮರಳು. ಅದರ ಮೇಲೆ ಹೊಡೆಯಬಾರದು. ತೊಳೆದು, ಕೇಸಿಂಗ್‌ನಲ್ಲಿ ನೀರನ್ನು ಅಂತರ್ಜಲ ಮಟ್ಟಕ್ಕಿಂತ ಮೇಲೆ ತುಂಬಿಟ್ಟು, ಸ್ವಲ್ಪ ಕೆಳಗೆ ಹೊಸದಾಗಿ ಮಾಡಬೇಕು. ಪ್ರತಿ ಸಲ ಹೊಡೆಯುವ ಮೊದಲು ರಾಡ್ ಉದ್ದ ಅಳೆದು ಬರೆಯಿರಿ ಎಂದು ನಾನು ಮೊದಲೇ ಹೇಳಿಟ್ಟಿರುತ್ತೇನೆ.

ಮೆದು ಜೇಡಿಯಲ್ಲಿ ಎಸ್‌ಪಿಟಿ ನೆಚ್ಚಿಕೊಳ್ಳಬೇಡಿ. ತೆಳುಗೋಡೆಯ ಕೊಳವೆ ಒತ್ತಿ ಮಾದರಿ ತೆಗೆದು, ಎರಡೂ ತುದಿಗೆ ಮೇಣ ಹಾಕಿ, ನೆರಳಿನಲ್ಲಿ ಅಲುಗಾಡದಂತೆ ಇಡಿ.

ಕೊರೆಯಲು ಬಳಸಿದ ನೀರೋ ಬೆಂಟೊನೈಟ್ ಜೇಡಿಯ ಕೆಸರೋ ಒಳಗೇ ಇರುವುದರಿಂದ ಮೊದಲ ದಿನದ ನೀರಿನ ಮಟ್ಟವನ್ನು ನಂಬುವಂತಿಲ್ಲ. ಕನಿಷ್ಠ 24 ಗಂಟೆ ಬಿಟ್ಟು ಅಳೆಯಬೇಕು, ಜೇಡಿಯಲ್ಲಿ ಅದೂ ಸಾಲದು. ನೆಲಮಾಳಿಗೆ ಇದ್ದರೆ ಒಂದೆರಡು ಬೋರ್‌ಗಳಲ್ಲಿ ಪೀಜೋಮೀಟರ್ (ನೀರಿನ ಮಟ್ಟ, ಒತ್ತಡ ಅಳೆಯುವ ಸಾಧನ) ಇಡುವುದನ್ನು ಯೋಜನೆಯಲ್ಲೇ ಸೇರಿಸುತ್ತೇನೆ. ಉಳಿದವನ್ನು ಸಿಮೆಂಟ್-ಬೆಂಟೊನೈಟ್ ಗ್ರೌಟ್‌ನಿಂದ (ನೀರಲ್ಲಿ ಕಲಸಿದ ತೆಳು ಗಾರೆ), ಪೈಪ್ ತಳಕ್ಕೆ ಇಳಿಸಿ, ಕೆಳಗಿನಿಂದ ಮೇಲಕ್ಕೆ ತುಂಬಿಸಿ ಮುಚ್ಚಬೇಕು. ಮಾರನೇ ದಿನ ಗ್ರೌಟ್ ಇಳಿದಿರುತ್ತದೆ, ಮೇಲೆ ಮತ್ತೆ ತುಂಬಿಸಿ. ಸುರಂಗದ ಕಾಮಗಾರಿಯಾದರೆ ಬೋರನ್ನು ಸುರಂಗದ ನೇರಕ್ಕೆ ಹಾಕದೆ ಪಕ್ಕಕ್ಕೆ ಸರಿಸುತ್ತೇನೆ. ಸರಿಯಾಗಿ ಮುಚ್ಚದ ಒಂದು ತೂತು ಸಾಕು, ಮೇಲಿನ ನೀರೆಲ್ಲ ಅಗೆಯುವವರ ತಲೆಯ ಮೇಲೆ ಇಳಿಯುತ್ತದೆ.