ಪರದೆ ಬರೆದು ಪಿಎಚ್‌ಡಿ ಮುಗಿಸಿದ್ದು: ಕಂಪನಿ ನಾಟಕದ ಸೀನರಿ ಕಟ್ಟಿದ ನನ್ನ ಅನುಭವ

ಪಿಎಚ್‌ಡಿಯ ವೈವಾ (ಮೌಖಿಕ ಪರೀಕ್ಷೆ) ಮುಗೀತು, ಥೀಸಿಸ್ ಪಾಸಾಯ್ತು. ಕಂಪನಿ ನಾಟಕದ, ಅಂದ್ರೆ ಊರೂರು ಸುತ್ತಿ ಟಿಕೆಟ್ ಇಟ್ಟು ಆಡೋ ವೃತ್ತಿ ತಂಡಗಳ ನಾಟಕದ, ಪರದೆಗಳನ್ನ ಹಳೇ ವಿಧಾನದಲ್ಲೇ ಬರೆದು, ಕಟ್ಟಿ, ಅದರ ಮುಂದೆ ಹುಡುಗರ ಕೈಲಿ ಆಡಿಸಿ, ಅಲ್ಲಿ ಸಿಕ್ಕಿದ್ದನ್ನೇ ಸಾಕ್ಷಿ ಅಂತ ಇಟ್ಕೊಂಡು ಬರೆದ ಥೀಸಿಸ್ ಇದು. ಶುರುವಿನಲ್ಲಿ ಕಮಿಟಿಯ ಒಬ್ರು ಹಿರಿಯರು "ಇದು ಪೇಂಟರ್ ಕೆಲಸ ಕಣಮ್ಮಾ, ಸಂಶೋಧನೆ ಎಲ್ಲಿದೆ ಇದ್ರಲ್ಲಿ" ಅಂದಿದ್ರು, ಜೊತೆಯವರು ಕೂಡ ಆರ್ಕೈವ್‌ನಲ್ಲಿ ಕೂತು ಹ್ಯಾಂಡ್‌ಬಿಲ್ ನೋಡಿ ಬರಿ, ಬೇಗ ಮುಗಿಯುತ್ತೆ ಅಂತಿದ್ರು. ಈಗ ಅದೇ ಜನ ಡಿಸ್ಟೆಂಪರ್ (ಅಂಟಿನ ನೀರಲ್ಲಿ ಬಣ್ಣದ ಪುಡಿ ಕಲಸಿದ್ದು) ಹದ ಹೇಗೆ ಅಂತ ಫೋನ್ ಮಾಡಿ ಕೇಳ್ತಿದಾರೆ, ಅದಕ್ಕೇ ಒಂದ್ಸಲ ಎಲ್ಲಾ ಬರೆದು ಹಾಕ್ತಿದೀನಿ. ಹೀಗೆ ಕೈಯಾರೆ ಮಾಡಿ ನೋಡಿ, ಆ ಮಾಡೋದರಿಂದಲೇ ತಿಳ್ಕೊಳ್ಳೋದಕ್ಕೆ ಪ್ರಾಕ್ಟೀಸ್ ಆಧಾರಿತ ಸಂಶೋಧನೆ ಅಂತಾರೆ, ಅದರ ಬಗ್ಗೆ ಇಲ್ಲಿ ಹೆಚ್ಚು ಹೇಳೋಕೆ ಹೋಗಲ್ಲ.

ನನ್ನ ಪ್ರಶ್ನೆ ಚಿಕ್ಕದು. ಹಳೇ ಕಂಪನಿ ನಾಟಕಗಳ ಸ್ಕ್ರಿಪ್ಟ್ ತೆಗೆದ್ರೆ ದರ್ಬಾರು ಆದ್ಮೇಲೆ ಬೀದಿ, ಬೀದಿ ಆದ್ಮೇಲೆ ಕಾಡು, ಮತ್ತೆ ಬೀದಿ, ಆ ಬೀದಿ ದೃಶ್ಯದಲ್ಲಿ ಕಥೆಗೆ ಸಂಬಂಧ ಇಲ್ದಿರೋ ಹಾಸ್ಯ. ಇದನ್ನ ಎಷ್ಟೋ ಲೇಖನಗಳಲ್ಲಿ ಕೆಳಮಟ್ಟದ ಅಭಿರುಚಿ, ಗಲ್ಲಾಪೆಟ್ಟಿಗೆಗೆ ತುರುಕಿದ್ದು ಅಂತ ಒಂದೇ ಸಾಲಲ್ಲಿ ಮುಗಿಸಿಬಿಡ್ತಾರೆ. ಬೀದಿ ಪರದೆ ಮುಂದೆ ಇಬ್ಬರು ಹಾಸ್ಯಗಾರರು ಆಡ್ತಿರುವಾಗ ಹಿಂದೆ ಸಿಂಹಾಸನ, ಕಂಬ, ಮೆಟ್ಟಿಲು ಜೋಡಿಸ್ತಿರ್ತಾರೆ ಅನ್ನೋದು ಕಂಪನಿ ಜನಕ್ಕೆಲ್ಲ ಗೊತ್ತು, ಹತ್ತೊಂಬತ್ತನೇ ಶತಮಾನದಲ್ಲಿ ಮುಂಬೈ ಕಡೆ ಪಾರ್ಸಿಗಳು ನಡೆಸ್ತಿದ್ದ ನಾಟಕ ಕಂಪನಿಗಳ ಕಾಲದಿಂದ ನಡ್ಕೊಂಡು ಬಂದಿದ್ದು. ಆದ್ರೆ ಆ ಕೆಲಸಕ್ಕೆ ಎಷ್ಟು ಹೊತ್ತು ಬೇಕು, ಹಾಸ್ಯ ಎಷ್ಟು ಹೊತ್ತು ನಡೆಯುತ್ತೆ, ಎರಡಕ್ಕೂ ತಾಳೆ ಆಗುತ್ತಾ ಅಂತ ಗಡಿಯಾರ ಹಿಡಿದು ನೋಡಿದ್ದು ನನ್ನ ಓದಿಗೆ ಎಲ್ಲೂ ಸಿಗಲಿಲ್ಲ. ನೋಡ್ಬೇಕು ಅಂದ್ರೆ ಪರದೆ ಬೇಕು. ಈಗಿನ ಕಂಪನಿಗಳಲ್ಲಿ, ಬಾದಾಮಿ ಬನಶಂಕರಿ ಜಾತ್ರೆಗೆ ಹೋದ್ರೆ ಸಾಲಾಗಿ ಟೆಂಟ್ ಹಾಕಿರ್ತಾರಲ್ಲ ಅಲ್ಲಿ, ಸಾಮಾಜಿಕ ನಾಟಕಕ್ಕೆ ಬೇಕಾದ ಮನೆ ಸೀನು, ರಸ್ತೆ ಸೀನು ಇದೆ, ನನಗೆ ಬೇಕಾಗಿದ್ದ ಹಳೇ ಪೌರಾಣಿಕದ ಪೂರ್ತಿ ಸೆಟ್ಟು ಸಿಗಲಿಲ್ಲ. ಸಿಕ್ಕಿದ ಒಂದೆರಡು ಹಳೇ ಪರದೆ ಮಡಿಕೆ ಬಿಚ್ಚಿದ್ರೆ ಬಣ್ಣ ಪುಡಿಪುಡಿಯಾಗಿ ಉದುರುತ್ತೆ, ಅದನ್ನ ನೇತುಹಾಕೋ ಹಾಗೇ ಇಲ್ಲ.

ದುಡ್ಡಿನ ವಿಷಯ ಮೊದಲೇ ಹೇಳ್ತೀನಿ, ಯಾಕಂದ್ರೆ ಎಲ್ಲರೂ ಕೊನೆಗೆ ಕೇಳೋದು ಅದನ್ನೇ. ನನಗೆ ಜೆಆರ್‌ಎಫ್ (ಸಂಶೋಧನೆ ಮಾಡೋರಿಗೆ ಯುಜಿಸಿ ಕೊಡೋ ಫೆಲೋಶಿಪ್) ಇತ್ತು, 2023ರಿಂದ ಅದು ತಿಂಗಳಿಗೆ 37,000, ಆದ್ರೆ ಅದು ಊಟ, ಬಾಡಿಗೆ, ಓಡಾಟಕ್ಕೆ. ಕಂಟಿಂಜೆನ್ಸಿ ಅಂತ, ಅಂದ್ರೆ ಸಂಶೋಧನೆಯ ಸಾಮಾನು ಸರಂಜಾಮಿನ ಖರ್ಚಿಗೆ, ನಮ್ಮ ಮಾನವಿಕ ವಿಷಯದವರಿಗೆ ಮೊದಲೆರಡು ವರ್ಷ ವರ್ಷಕ್ಕೆ 10,000, ಆಮೇಲೆ 20,500. ಇಷ್ಟರಲ್ಲಿ ಮೂರು ಪರದೆ, ನಾಲ್ಕು ಜೊತೆ ವಿಂಗ್ಸು (ರಂಗದ ಎರಡೂ ಬದಿ ಮರೆ ಮಾಡೋ ಪಟ್ಟಿಗಳು), ಮೇಲೆ ಅಡ್ಡಕ್ಕೆ ಇಳಿಬಿಡೋ ಝಾಲರು. ಸಿನಿಮಾ ಸೆಟ್ ಹಾಕೋ ಒಂದು ಕಡೆ ವಿಚಾರಿಸಿದ್ರೆ ಒಂದೂವರೆ ಲಕ್ಷ ಅಂದ್ರು. ನಾನು ಮಾಡಿಸಿದ್ದು ನೆನಪಿನ ಲೆಕ್ಕದಲ್ಲಿ ಹೀಗೆ: ಬಟ್ಟೆ 20 ಸಾವಿರದ ಹತ್ತಿರ, ಬಣ್ಣದ ಪುಡಿ ಮತ್ತೆ ಬಿಳಿ ಪುಡಿ 7-8 ಸಾವಿರ, ಅಂಟಿಗೆ 4, ಗಳ ಹಗ್ಗ ರಾಟೆ ಎಲ್ಲಾ ಸೇರಿ 6, ಹೊಲಿಗೆಗೆ 3, ಹಾಲ್ ಬಾಡಿಗೆ 12. ಕೆಟ್ಟುಹೋದ ಸಾಮಾನು ಒಂದು 15 ಸಾವಿರ ಅಂತ ಇಟ್ಕೊಳ್ಳಿ. 70 ಸಾವಿರದ ಒಳಗೆ ಮುಗಿಸಿದೀನಿ, ಅದರ ಬಗ್ಗೆ ನನಗೆ ಹೆಮ್ಮೆ ಇದೆ.

ಆ ಕೆಟ್ಟುಹೋದ 15 ಸಾವಿರ ಏನೇನಾಯ್ತು ಅಂದ್ರೆ, ಮೊದಲು ಎಲ್ಲರೂ ಫ್ಲೆಕ್ಸ್ ಪ್ರಿಂಟ್ ಹಾಕ್ಸು ಅಂದ್ರು, ಹಾಕಿಸಿ ನೋಡಿದೆ, ದೀಪ ಬಿದ್ದ ತಕ್ಷಣ ಪಳಪಳ ಹೊಳೆದು ಅರಮನೆ ಕಾಣಲ್ಲ, ದೀಪದ ಕಲೆ ಮಾತ್ರ ಕಾಣುತ್ತೆ. ಆಮೇಲೆ ಕೋರಾ ಬಟ್ಟೆ ಮೇಲೆ ಗೋಡೆಗೆ ಹೊಡೆಯೋ ಎಮಲ್ಷನ್. ನೋಡೋಕೆ ಚೆನ್ನಾಗೇ ಬಂತು, ಆದ್ರೆ ಒಣಗಿದ ಮೇಲೆ ರೆಕ್ಸಿನ್ ಥರ ಗಟ್ಟಿ, ಇಬ್ಬರು ಎತ್ತೋಕಾಗದಷ್ಟು ಭಾರ, ನಾಲ್ಕು ಸಲ ಸುತ್ತಿ ಬಿಚ್ಚೋ ಹೊತ್ತಿಗೆ ಸುತ್ತಿನ ಗೆರೆಗೇ ಸೀಳಿಕೊಂಡ್ತು. ಬೇಗ ಸುತ್ತಿ ಮೇಲೆ ಹೋಗಬೇಕಾದ ಪರದೆಗೆ ಅದು ಆಗದ ಮಾತು, ಆ ತೂಕದಲ್ಲಿ ಸಮಯ ಅಳೆದ್ರೆ ಆ ಅಳತೆಗೂ ಅರ್ಥ ಇಲ್ಲ.

ಹಾಗಾಗಿ ಹಳೇ ದಾರಿ. ವಜ್ರ, ಅಂದ್ರೆ ಬಡಗಿಗಳು ಕಾಯಿಸಿ ಹಚ್ಚೋ ಚರ್ಮದ ಅಂಟು, ಅದನ್ನ ರಾತ್ರಿ ನೆನೆಹಾಕಿ, ಬೆಳಿಗ್ಗೆ ಬಿಸಿನೀರಿನ ಪಾತ್ರೆ ಒಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸ್ಬೇಕು. ಗದಗಿನ ಕಡೆ ಒಬ್ಬರು ವಯಸ್ಸಾದ ಪೇಂಟರ್ ಅಜ್ಜ ಕಲಿಸಿದ್ದು. ಸ್ಟವ್ ಜೋರು ಮಾಡೋಕೆ ಹೋದ್ರೆ "ತಂಗಿ, ಕುದಿಸಬ್ಯಾಡ, ಕುದಿಸಿದ್ರ ಅಂಟು ಸಾಯ್ತೈತಿ" ಅಂತ ಕೈ ಹಿಡೀತಿದ್ರು, ಅದು ನಿಜ, ಕುದ್ದ ಅಂಟು ಹಿಡಿಯೋ ಶಕ್ತಿ ಕಳ್ಕೊಳ್ಳುತ್ತೆ. ಒಂದು ಪಾಲಿಗೆ ಸುಮಾರು ಹತ್ತು ಪಾಲು ನೀರು, ಬಟ್ಟೆಗೆ ಮೊದಲ ಕೋಟು ಅದರದ್ದೇ, ಗಂಜಿ ಹಾಕಿದ ಸೀರೆ ಹಾಗೆ ಬಿಗಿ ಆಗುತ್ತೆ. ಬಟ್ಟೆ ಕುಗ್ಗುತ್ತೆ, ಅದಕ್ಕೆ ಅಳತೆಗಿಂತ ದೊಡ್ಡದು ಹೊಲಿಸಿ, ಜೋಡಣೆಗಳನ್ನ ಅಡ್ಡಕ್ಕೇ ಹಾಕಿಸಿ, ಉದ್ದಕ್ಕೆ ಹೊಲಿದ್ರೆ ನೇತಾಡುವಾಗ ಜೋಡಣೆಯ ಪಕ್ಕ ನೆರಿಗೆ ಬೀಳುತ್ತೆ. ಬಣ್ಣದಲ್ಲಿ ಅಂಟು ಹೆಚ್ಚಾದ್ರೆ ಹಕ್ಕಳೆ ಎದ್ದು ಬೀಳುತ್ತೆ, ಕಮ್ಮಿಯಾದ್ರೆ ಕೈ ತಾಗಿದ ಕಡೆಯೆಲ್ಲ ಪುಡಿ ಬರುತ್ತೆ. ಬೇಸಿಗೆಯಲ್ಲಿ ಕಲಸಿಟ್ಟಿದ್ದು ಮಾರನೇ ದಿನಕ್ಕೇ ನಾತ, ಪಕ್ಕದ ಡಿಪಾರ್ಟ್‌ಮೆಂಟ್‌ನವರು ಲಿಖಿತ ದೂರು ಕೊಟ್ಟಿದ್ರು. ಬಿರುಕು ಬಿಡದ ಹಾಗೆ ಅಜ್ಜ ಅಡುಗೆಮನೆಯದ್ದೇ ಒಂದು ವಸ್ತು ಚೂರು ಸೇರಿಸೋರು, ಅದು ಅವರ ಮನೆತನದ ಗುಟ್ಟು, ಅವರು ಹೇಳು ಅನ್ನೋವರೆಗೂ ನಾನು ಹೇಳಲ್ಲ, ಥೀಸಿಸ್‌ನಲ್ಲೂ ಬರೆದಿಲ್ಲ.

ಕಷ್ಟ ಏನಂದ್ರೆ ಹಸಿ ಇದ್ದಾಗ ಕಾಣೋ ಬಣ್ಣ ಬೇರೆ, ಒಣಗಿದ ಮೇಲಿಂದು ಬೇರೆ, ಎರಡು ಮೂರು ಛಾಯೆ ತಿಳಿಯಾಗುತ್ತೆ. ಅಜ್ಜ ಕಣ್ಣಲ್ಲೇ ಅಂದಾಜು ಮಾಡ್ತಿದ್ರು. ನಾನು ಪ್ರತೀ ಮಿಶ್ರಣಕ್ಕೆ ಬಟ್ಟೆ ಚೂರಿಗೆ ಹಚ್ಚಿ, ಹೇರ್ ಡ್ರೈಯರ್‌ನಲ್ಲಿ ಒಣಗಿಸಿ, ನಂಬರ್ ಹಾಕಿ ಪುಸ್ತಕ ಮಾಡ್ಕೊಂಡೆ, ವೈವಾದಲ್ಲಿ ಎಲ್ಲರೂ ಕೈಗೆತ್ತಿಕೊಂಡು ನೋಡಿದ್ದು ಆ ಪುಸ್ತಕವನ್ನೇ.

ಇನ್ನು ಬೆಳಕು. ಇದು ನನ್ನ ಥೀಸಿಸ್‌ಗೆ ನೇರ ಬೇಕಾಗಿರಲಿಲ್ಲ, ಆದ್ರೂ ಬಿಡೋಕಾಗಲಿಲ್ಲ. ಕಾಲೇಜು ಹಾಲ್‌ನ ಎಲ್‌ಇಡಿಯಲ್ಲಿ ನಮ್ಮ ದರ್ಬಾರು ಸತ್ತ ಮುಖ ಹಾಕ್ಕೊಂಡಿತ್ತು, ಕಾವಿ ಮಣ್ಣುಮಣ್ಣಾಗಿ, ನೀಲಿ ಕಣ್ಣಿಗೆ ಹೊಡೆಯೋ ಹಾಗೆ. ಹಾಲ್ ಒಳಗೆ ಬೆಂಕಿಗೆ ಅನುಮತಿ ಇಲ್ಲ, ಸೀಮೆಎಣ್ಣೆ ಸಿಗೋದೂ ಕಷ್ಟ, ಅದಕ್ಕೆ ಒಂದು ರಾತ್ರಿ ಬಯಲಲ್ಲಿ ಪರದೆ ಕಟ್ಟಿ, ಪಕ್ಕದಲ್ಲಿ ಮರಳು ನೀರು ಇಟ್ಕೊಂಡು, ಒಂದ್ಸಲ ಎಣ್ಣೆ ದೀಪದ ಸಾಲು, ಒಂದ್ಸಲ ಪೆಟ್ರೋಮ್ಯಾಕ್ಸ್ ಇಟ್ಟು ನೋಡಿದ್ವಿ. ಎಣ್ಣೆ ದೀಪದ ಹಳದಿಗೆ ನೀಲಿ ಪೂರ್ತಿ ಕಪ್ಪಾಯ್ತು, ಕಾವಿ ಮತ್ತು ಹಳದಿ ಜೀವ ಬಂದು ನಿಂತ್ವು. ಪೆಟ್ರೋಮ್ಯಾಕ್ಸ್ ಬೆಳಕು ಅಷ್ಟು ಹಳದಿ ಅಲ್ಲ, ಅದರಲ್ಲಿ ನೀಲಿ ಉಳ್ಕೊಂಡ್ತು. ಹಳೇ ಪರದೆಗಳಲ್ಲಿ ಆಕಾಶ ಯಾಕೆ ಅಷ್ಟು ಗಾಢ ನೀಲಿ, ಹಗಲಲ್ಲಿ ನೋಡಿದ್ರೆ ಒರಟು ಅನ್ಸುತ್ತಲ್ಲ, ಅದು ಆ ದೀಪಕ್ಕೆ ಬರೆದ ಬಣ್ಣ ಅಂತ ಅವತ್ತು ನಂಬಿಕೆ ಬಂತು. ಆಮೇಲೆ ಹಾಲ್‌ನಲ್ಲಿ ಹಳೇ ಹ್ಯಾಲೊಜೆನ್‌ಗಳನ್ನ ಡಿಮ್ಮರ್‌ನಲ್ಲಿ ಅರ್ಧಕ್ಕಿಂತ ಕೆಳಗೆ ಇಳಿಸಿ ಹತ್ತಿರದ ಬಣ್ಣ ತಂದ್ಕೊಂಡ್ವಿ. ಮೇಕಪ್ ಕೂಡ ನೋಡೋಣ ಅಂತ ಮುಖಕ್ಕೆ ಸಫೇತು (ಬಿಳಿ ಪುಡಿ) ಹಚ್ಚಿಸಿದ್ವಿ, ಕೆಳಗಿಂದ ಬರೋ ಬೆಳಕಿಗೆ ಆ ಬಿಳಿ ಎಷ್ಟು ಬೇಕಿತ್ತು ಅಂತ ಗೊತ್ತಾಗುತ್ತೆ. ಹಳೇ ಮೇಕಪ್ಪಿನ ಹಳದಿ ಅರ್ದಾಳ ಮತ್ತು ಕೆಂಪು ಇಂಗಳೀಕ ಮಾತ್ರ ಯಾರೂ ಮುಟ್ಟಬೇಡಿ, ಒಂದರಲ್ಲಿ ಆರ್ಸೆನಿಕ್, ಇನ್ನೊಂದರಲ್ಲಿ ಪಾದರಸ, ಹಳೇದನ್ನ ಹಾಗೇ ಮಾಡ್ತೀವಿ ಅನ್ನೋ ಹಠಕ್ಕೆ ಮಕ್ಕಳ ಚರ್ಮ ಬಲಿ ಕೊಡೋ ಹಾಗಿಲ್ಲ.

ಸುತ್ತೋ ಗಳದ್ದು ಇನ್ನೊಂದು ರಾಮಾಯಣ. 24 ಅಡಿ ಅಗಲದ ಪರದೆ, ಕೆಳಗಿನ ಗಳಕ್ಕೆ ಸುತ್ತಿಕೊಂಡು ಮೇಲೆ ಹೋಗ್ಬೇಕು. ಪಿವಿಸಿ ಪೈಪ್ ನಡುವೆ ಬಾಗಿ ಪರದೆ ಸೊಟ್ಟ ಸುತ್ತಿಕೊಳ್ತು, ಅಲ್ಯೂಮಿನಿಯಂ ಪೈಪ್ ಬೆಲೆ ಕೇಳಿ ವಾಪಸ್ ಬಂದೆ, ಬಿದಿರು ಗಂಟಿನ ಕಡೆ ಉಬ್ಬಿ ಬಟ್ಟೆ ಮೇಲೆ ಗುರುತು ಮೂಡಿಸ್ತು. ಕೊನೆಗೆ ಸೆಂಟ್ರಿಂಗ್ ಕೆಲಸದವರ ಹತ್ರ ಸಿಗೋ ನೇರವಾದ ಸರ್ವೆ ಗಳ ಎರಡು ತಂದು ಜೋಡಿಸಿದ್ದು ನಿಂತ್ಕೊಂಡ್ತು. ಜೋಡಿಸಿದ ಜಾಗ ಬಾಗದ ಹಾಗೆ ನಾನು ಒಂದು ಉಪಾಯ ಮಾಡಿದೀನಿ, ಅದು ಪುಸ್ತಕ ಬಂದಾಗ ಚಿತ್ರ ಸಮೇತ ಬರುತ್ತೆ.

ಈಗ ಗಡಿಯಾರದ ವಿಷಯ. ಬೀದಿ ಪರದೆ ಹಿಂದೆ ದರ್ಬಾರು ಜೋಡಿಸೋಕೆ ಎಷ್ಟು ಹೊತ್ತು ಅಂತ ಅಳೆದ್ವಿ: ಆರು ಜನ ಹುಡುಗರು, ಸಿಂಹಾಸನ, ಎರಡು ಮೆಟ್ಟಿಲು, ಕಮಾನಿನ ಆಕಾರಕ್ಕೆ ಕತ್ತರಿಸಿದ ತುಂಡು, ದರ್ಬಾರು ಪರದೆ. ಮೊದಮೊದಲು ಹತ್ತು ನಿಮಿಷ ದಾಟ್ತಿತ್ತು, ಕೈ ಪಳಗಿದ ಮೇಲೆ ಐದರ ಆಸುಪಾಸಿಗೆ ಬಂತು, ಅದಕ್ಕಿಂತ ಕೆಳಗೆ ಇಳಿಯಲೇ ಇಲ್ಲ. ಸ್ಕ್ರಿಪ್ಟ್‌ನಲ್ಲಿ ಅದಕ್ಕೆ ಮುಂಚಿನ ಬೀದಿ ಹಾಸ್ಯ ಸುಮ್ನೆ ಓದಿದ್ರೆ ಎರಡೂವರೆ ಮೂರು ನಿಮಿಷ. ಇಲ್ಲಿಗೆ ನನ್ನ ವಾದ ಬಿದ್ದೋಯ್ತು ಅಂತ ಜೊತೆಯವರು ಅಂದ್ರು. ಆದ್ರೆ ಆಡಿಸಿದಾಗ ಒಂದು ಹಾಡು ಸೇರ್ತು, ಹಾರ್ಮೋನಿಯಂನವರು ಎರಡು ಸುತ್ತು ಬಿಟ್ರು, ಜನ ನಕ್ಕರು, ನಕ್ಕಷ್ಟು ಹೊತ್ತು ಮಾತು ನಿಂತು, ಐದು ದಾಟಿ ಆರಕ್ಕೆ ಹೋಯ್ತು. ಇನ್ನೊಂದು ದಿನ ಹಿಂದೆ ಕಮಾನು ಸಿಕ್ಕಾಕ್ಕೊಂಡು ಲೇಟಾದಾಗ ವಿಂಗ್‌ನಿಂದ ಸನ್ನೆ ಮಾಡಿದ್ರೆ ಹಾಸ್ಯದ ಹುಡುಗ ತಾನೇ ಸಾಲದ ಪ್ರಸಂಗ ಒಂದು ಹುಟ್ಟಿಸಿ ಎಳೆದ. ಅಂದ್ರೆ ಬರೆದಿಟ್ಟ ಹಾಸ್ಯ ಬರೀ ಹಂದರ, ಹಿಂದಿನ ಕೆಲಸಕ್ಕೆ ತಕ್ಕ ಹಾಗೆ ಹಿಗ್ಗಿಸೋಕೆ ಜಾಗ ಬಿಟ್ಟು ಬರೆದದ್ದು. ಆಮೇಲೆ ಇಪ್ಪತ್ತು ಚಿಲ್ಲರೆ ಸ್ಕ್ರಿಪ್ಟು ಮತ್ತು ಹಾಡಿನ ಪುಸ್ತಕಗಳನ್ನ ಮುಂದಿನ ಪರದೆ, ಹಿಂದಿನ ಪರದೆ ಅಂತ ಗುರುತು ಹಾಕ್ಕೊಂಡು ಓದಿದ್ರೆ, ಎರಡು ದೊಡ್ಡ ಸೀನು ಬೆನ್ನಿಗೆ ಬೆನ್ನಿಗೆ ಬಂದಿದ್ದು ಬೆರಳೆಣಿಕೆಯಷ್ಟು. ಹಾಸ್ಯಗಾರ ಕಂಪನಿಯಲ್ಲಿ ಯಾಕೆ ಅಷ್ಟು ದೊಡ್ಡ ಆಸಾಮಿ, ಗುಬ್ಬಿ ವೀರಣ್ಣನವರಂಥ ಮಾಲೀಕರೇ ಯಾಕೆ ಹಾಸ್ಯದ ಪಾತ್ರ ಇಟ್ಕೊಳ್ತಿದ್ರು ಅನ್ನೋದನ್ನ ಈ ಕಡೆಯಿಂದಲೂ ನೋಡ್ಬೇಕು ಅಂತ ನಾನು ಬರೆದಿದೀನಿ, ರಂಗದ ಸಮಯ ಪೂರ್ತಿ ಅವರ ಕೈಲಿತ್ತು.

ಹುಡುಕದೇ ಸಿಕ್ಕಿದ್ದು ಇನ್ನೊಂದು. ಹುಡುಗರು ದರ್ಬಾರು ಪರದೆ ಹತ್ರ ಹೋಗಿ ನಿಂತ್ರೆ ಬರೆದ ಬಾಗಿಲು ಅವರ ಸೊಂಟಕ್ಕೆ ಬರುತ್ತೆ, ರಾಜ ರಾಕ್ಷಸನ ಹಾಗೆ ಕಾಣ್ತಾನೆ. ನಾನು ಹೇಳೋ ಮೊದಲೇ ಅವರೇ ಮುಂದೆ ಬಂದು ನಿಲ್ಲೋಕೆ ಶುರು ಮಾಡಿದ್ರು. ಕಂಪನಿ ನಟರು ರಂಗದ ಅಂಚಲ್ಲಿ ಕೆಳಗಿಡೋ ದೀಪಗಳ (ಫುಟ್‌ಲೈಟ್) ಹತ್ರವೇ ನಿಂತು ಪ್ರೇಕ್ಷಕರಿಗೆ ಮುಖ ಮಾಡಿ ಮಾತಾಡ್ತಿದ್ದಿದ್ದಕ್ಕೆ ಧ್ವನಿ, ಬೆಳಕು ಎರಡೇ ಕಾರಣ ಹೇಳ್ತೀವಿ, ಪರದೆಯ ಪರ್ಸ್ಪೆಕ್ಟಿವ್, ಅಂದ್ರೆ ದೂರದ್ದನ್ನ ಚಿಕ್ಕದಾಗಿ ಬರೆದು ಆಳ ತೋರಿಸೋ ರೀತಿ ಕೂಡ ಅವರನ್ನ ಮುಂದಕ್ಕೆ ತಳ್ತಿತ್ತು.

ಪಾಠದಲ್ಲಿ ಇದರ ಉಪಯೋಗ ನಾನು ಅಂದ್ಕೊಂಡಿದ್ದಕ್ಕಿಂತ ಜಾಸ್ತಿ ಆಯ್ತು. ಮುಂಚೆ ಎಂಎ ಕ್ಲಾಸಲ್ಲಿ ವೃತ್ತಿ ರಂಗಭೂಮಿ ಅಂದ್ರೆ 1884ರಲ್ಲಿ ಗುಬ್ಬಿ ಕಂಪನಿ, ಆಮೇಲೆ ವರದಾಚಾರ್ಯರು, ಶಿರಹಟ್ಟಿ ವೆಂಕೋಬರಾಯರು, ಗರುಡ ಸದಾಶಿವರಾಯರು ಅಂತ ಕಂಪನಿ ನಡೆಸಿದವರ ಪಟ್ಟಿ ಹೇಳೋದು, ಅವರು ಬಾಯಿಪಾಠ ಮಾಡೋದು. ಈಗ ಮೊದಲ ವಾರ ಪಟ್ಟಿ ಇಲ್ಲ, ಹಗ್ಗ ಕೈಗೆ ಕೊಡ್ತೀನಿ. ಹಗ್ಗ ಎಳೆದವರು ಸ್ಕ್ರಿಪ್ಟ್ ಓದೋ ರೀತಿಯೇ ಬೇರೆ, "ಮೇಡಂ, ಇಲ್ಲಿ ಬೀದಿ ಸೀನ್ ಇಲ್ವಲ್ಲ, ಹೇಗೆ ಬದಲಾಯಿಸ್ತಿದ್ರು" ಅಂತ ಅವರೇ ಕೇಳ್ತಾರೆ. ಬರಿಯ ರಂಗದ ಮೇಲೆ ಆಡೋದೇ ಆಧುನಿಕ, ಪರದೆ ಅಂದ್ರೆ ಹಳೇ ಕಸ ಅನ್ನೋ ಭಾವನೆ ನಮ್ಮ ಹವ್ಯಾಸಿ ತಂಡಗಳಲ್ಲಿ ಬಲವಾಗಿದೆ, 1989ರಲ್ಲಿ ಮೈಸೂರಿನ ರಂಗಾಯಣ ಕಟ್ಟಿದ ಬಿ.ವಿ. ಕಾರಂತರು ಹುಡುಗನಾಗಿ ಬೆಳೆದದ್ದು ಗುಬ್ಬಿ ಕಂಪನಿಯಲ್ಲೇ ಅನ್ನೋದನ್ನ ಮರೆತುಬಿಡ್ತೀವಿ.

ಯಾರಾದ್ರೂ ಮಾಡೋ ಹಾಗಿದ್ರೆ ಮೊದಲು ಆರಡಿ ಬಟ್ಟೆಯಲ್ಲಿ ಮಾಡಿ, ಮಳೆಗಾಲದಲ್ಲಿ ಶುರು ಮಾಡಬೇಡಿ, ಅಂಟು ಒಣಗಲ್ಲ, ಬೂಷ್ಟು ಹಿಡಿಯುತ್ತೆ. ಗೈಡ್ ಹತ್ರ ಮೊದಲೇ ಲಿಖಿತದಲ್ಲಿ ಒಪ್ಪಿಸಿಕೊಳ್ಳಿ, ವಿಡಿಯೋ ಮತ್ತು ಸಮಯದ ನೋಟ್ಸ್ ಅನುಬಂಧಕ್ಕೆ ಹೋಗುತ್ತೆ ಅಂತ ಸಿನಾಪ್ಸಿಸ್‌ನಲ್ಲೇ (ಸಂಶೋಧನೆಯ ಸಾರಾಂಶದಲ್ಲೇ) ಹಾಕಿ, ಇಲ್ದಿದ್ರೆ ಕೊನೆಗೆ ತಕರಾರು ಬರುತ್ತೆ. ಕೆಲಸ ಆದ್ಮೇಲೆ ಪರದೆ ಮಡಚಬೇಡಿ, ಗಳಕ್ಕೆ ಸುತ್ತಿ, ಹಳೇ ಸೀರೆ ಹೊದಿಸಿ, ನೆಲಕ್ಕೆ ತಾಗದ ಹಾಗೆ ಅಡ್ಡಕ್ಕೆ ನೇತುಹಾಕಿ. ನಮ್ಮವು ಮೂರೂ ಹಾಗೇ ಇದಾವೆ, ಜಾಗದ ಸಮಸ್ಯೆಯಿಂದ ವಿಂಗ್ಸ್ ಮಾತ್ರ ಸ್ನೇಹಿತೆ ಮನೆ ಅಟ್ಟದಲ್ಲಿದೆ, ಮುಂದಿನ ಬ್ಯಾಚ್‌ಗೆ ಅಲ್ಲಿಂದ ಇಳಿಸ್ಬೇಕು.