ಜೇನಿನ ಲೆಕ್ಕ, 25 ಕಿಲೋಬಾಟ್‌ಗಳು

ಶಿರಸಿಯ ನಮ್ಮ ಮನೆ ಹಿಂದೆ ಅಪ್ಪ ತುಡುವೆ ಜೇನಿನ ಪೆಟ್ಟಿಗೆ ಇಟ್ಟಿದ್ದಾರೆ. ಹಾಗಾಗಿ ಇಂಗ್ಲೆಂಡಿನಲ್ಲಿ ಎಂ.ಎಸ್ಸಿ. ಓದುವಾಗ, ರೋಬೋ ಲ್ಯಾಬಿನ ಪ್ರಾಜೆಕ್ಟ್ ಪಟ್ಟಿಯಲ್ಲಿ ಜೇನುಹುಳದ ಮಾತು ಕಂಡದ್ದೇ ಅದನ್ನು ಹಿಡಿದೆ. ಬೀಕ್ಲಸ್ಟ್ ಅಂತ ಅದರ ಹೆಸರು. ಆಸ್ಟ್ರಿಯಾದ ಗ್ರಾಜ್‌ನಲ್ಲಿ ಥಾಮಸ್ ಶ್ಮಿಕ್ಲ್ ಮತ್ತು ಜೊತೆಗಾರರು ಎಳೆಯ ಹುಳಗಳ ನಡೆ ನೋಡಿ, ರೋಬೋಗಳನ್ನು ಗುಂಪುಗೂಡಿಸಲು ಕಂಡುಕೊಂಡ ಕ್ರಮ ಇದು. ಆಗಷ್ಟೇ ಹೊರಬಂದ ಹುಳಕ್ಕೆ ಸುಮಾರು 36 ಡಿಗ್ರಿ ಬಿಸಿಯಿರುವ ಜಾಗ ಹಿತ. ಒಂಟಿಯಾಗಿ ಬಿಟ್ಟರೆ ಎಷ್ಟೋ ಹುಳಗಳಿಗೆ ಆ ಜಾಗ ಸಿಗುವುದೇ ಇಲ್ಲ. ಗುಂಪಿನಲ್ಲಿ ಬಿಟ್ಟರೆ ಅಲ್ಲೇ ಬಂದು ಸೇರುತ್ತವೆ.

ನಿಯಮ ಇಷ್ಟೇ. ಸುಮ್ನೆ ಅಡ್ಡಾಡಬೇಕು. ಇನ್ನೊಂದು ಎದುರಾದರೆ ನಿಲ್ಲಬೇಕು. ನಿಂತ ಜಾಗ ಬಿಸಿಯಿದ್ದಷ್ಟೂ ಜಾಸ್ತಿ ಹೊತ್ತು ನಿಂತು, ಆಮೇಲೆ ತಿರುಗಿ ಹೊರಡಬೇಕು. ಯಾರೂ ಯಾರಿಗೂ ದಾರಿ ಹೇಳುವುದಿಲ್ಲ. ಎಷ್ಟು ಚೆಂದ ಅಲ್ವಾ?

ನನಗೆ ಸಿಕ್ಕಿದ್ದು 25 ಕಿಲೋಬಾಟ್‌ಗಳು. ಹಾರ್ವರ್ಡ್‌ನಲ್ಲಿ ರೂಪುಗೊಂಡ, 33 ಮಿಲಿಮೀಟರ್ ಅಗಲದ ಪುಟ್ಟ ರೋಬೋಗಳಿವು. ಮೈಕಲ್ ರೂಬೆನ್‌ಸ್ಟೈನ್, ರಾಧಿಕಾ ನಾಗಪಾಲ್ ಮತ್ತವರ ತಂಡ 2014ರಲ್ಲಿ ಇಂಥ 1,024 ರೋಬೋಗಳನ್ನು ತಾವಾಗಿಯೇ ನಕ್ಷತ್ರದ ಆಕಾರಕ್ಕೆ ನಿಲ್ಲುವಂತೆ ಮಾಡಿತ್ತು. ಇವಕ್ಕೆ ಚಕ್ರವಿಲ್ಲ. ಮೂರು ಸಪೂರ ಕಡ್ಡಿ ಕಾಲು, ಮೊಬೈಲಿನಲ್ಲಿ ಇರುವಂಥ ಎರಡು ವೈಬ್ರೇಟರ್ ಮೋಟಾರು. ನಡುಗುತ್ತಾ ನಡುಗುತ್ತಾ ಸೆಕೆಂಡಿಗೆ ಸುಮಾರು 1 ಸೆಂಟಿಮೀಟರ್ ಸಾಗುತ್ತವೆ. ಬಿಸಿಯ ಬದಲು ನಾನು ಬೆಳಕು ಬಳಸಿದೆ: ಟೇಬಲ್ಲಿನ ಒಂದು ಮೂಲೆಗೆ ಲ್ಯಾಂಪು.

ಕೋಡ್ ಒಂದೇ ಸಂಜೆಯಲ್ಲಿ ಮುಗಿಯಿತು. ಅದನ್ನು ಓಡಿಸಲು ಎರಡು ತಿಂಗಳು ಹಿಡಿಯಿತು.

ಮೊದಲ ದಿನ ಎಲ್ಲೆಂದರಲ್ಲಿ ಜೋಡಿ ಜೋಡಿಯಾಗಿ ನಿಂತುಬಿಟ್ಟವು. ಕಾರಣ ಹುಡುಕಲು ಎರಡೇ ರೋಬೋ ಇಟ್ಟುಕೊಂಡು ಕೂತೆ. ಕಿಲೋಬಾಟ್ ಪಕ್ಕದ್ದನ್ನು ಕಣ್ಣಿನಿಂದ ನೋಡುವುದಿಲ್ಲ. ಇನ್‌ಫ್ರಾರೆಡ್ ಸಂದೇಶ ಎಷ್ಟು ಜೋರಾಗಿ ಬಂತು ಎನ್ನುವುದರಿಂದ ದೂರ ಅಂದಾಜು ಮಾಡುತ್ತದೆ. 45 ಮಿಲಿಮೀಟರಿಗಿಂತ ಹತ್ತಿರ ಬಂದರೆ ಭೇಟಿ ಎಂದು ನಾನು ಬರೆದಿದ್ದೆ. ನಿಂತ ಅವಧಿ ಮುಗಿದು ಹೊರಟ ರೋಬೋಗೆ ಪಕ್ಕದ್ದರ ಸಂದೇಶ ಆಗಲೂ ಕೇಳುತ್ತಿತ್ತು. ತಕ್ಷಣ ಇನ್ನೊಂದು ಭೇಟಿ, ಮತ್ತೆ ನಿಲ್ಲು! ಹೊರಟ ಮೇಲೆ 8 ಸೆಕೆಂಡ್ ಯಾವ ಸಂದೇಶವನ್ನೂ ಕೇಳಬೇಡ ಎಂದು ಎರಡು ಸಾಲು ಸೇರಿಸಿದೆ. ಅವತ್ತಿನಿಂದ ಚಲನೆ ಬಂತು.

ಆಮೇಲೆ ಕಾಲು. ನೇರ ಹೋಗು ಎಂದರೆ ಕೆಲವು ಗುಂಡಗೆ ಸುತ್ತುತ್ತಿದ್ದವು. ಎಡ ಬಲ ಮೋಟಾರುಗಳಿಗೆ ಎಷ್ಟೆಷ್ಟು ಬಲ ಎಂದು ಒಂದೊಂದಕ್ಕೂ ಬೇರೆ ಬೇರೆಯಾಗಿ ಹೊಂದಿಸಬೇಕು. ಟೇಬಲ್ ಮೇಲೆ ಸ್ವಲ್ಪ ಧೂಳು ಕೂತರೂ ಹೊಂದಿಸಿದ್ದೆಲ್ಲ ಕೆಡುತ್ತದೆ, ಹಾಗಾಗಿ ದಿನಾ ಒರೆಸುತ್ತಿದ್ದೆ.

ಎಲ್ಲಕ್ಕಿಂತ ಸತಾಯಿಸಿದ್ದು ಬೆಳಕು. ಒಂದೇ ಜಾಗದಲ್ಲಿಟ್ಟರೂ ಒಂದರ ಸೆನ್ಸರ್ 400 ಅಂದರೆ ಇನ್ನೊಂದು 600 ಅನ್ನುತ್ತಿತ್ತು. ಪ್ರತಿಯೊಂದನ್ನೂ ಕತ್ತಲಲ್ಲಿ ಒಮ್ಮೆ, ಲ್ಯಾಂಪಿನ ಕೆಳಗೆ ಒಮ್ಮೆ ಇಟ್ಟು, ಅದರದ್ದೇ ಕನಿಷ್ಠ ಗರಿಷ್ಠವನ್ನು ಅದರ ನೆನಪಿಗೆ ಬರೆದೆ. ಇಷ್ಟಾದ ಮೇಲೂ ಒಂದು ಮಧ್ಯಾಹ್ನ ಇಡೀ ಗುಂಪು ಲ್ಯಾಂಪು ಬಿಟ್ಟು ಎದುರಿನ ಅಂಚಿಗೆ ಸೇರಿತು. ಅರ್ಧ ಗಂಟೆ ಕೋಡ್ ನೋಡಿದ ಮೇಲೆ ತಲೆ ಎತ್ತಿದರೆ, ಕಿಟಕಿಯಿಂದ ಬಿಸಿಲು! ರೋಬೋಗಳು ಸರಿಯಾಗಿಯೇ ಮಾಡಿದ್ದವು. ನನಗೆ ಅವತ್ತು ಆದ ಖುಷಿ ಅಷ್ಟಿಷ್ಟಲ್ಲ. ಪರದೆ ಎಳೆದೆ.

ಕೊನೆಗೆ ಉಳಿದದ್ದು ಎಷ್ಟು ಹೊತ್ತು ನಿಲ್ಲಬೇಕು ಎಂಬುದು. ಗರಿಷ್ಠ 3 ನಿಮಿಷ ಇಟ್ಟಾಗ ಗುಂಪು ಗಟ್ಟಿಯಾಗಿ ಕೂಡಿತು, ಆದರೆ ಲ್ಯಾಂಪನ್ನು ಬೇರೆ ಮೂಲೆಗೆ ಒಯ್ದರೂ ಬಹಳ ಹೊತ್ತು ಕದಲಲಿಲ್ಲ. 20 ಸೆಕೆಂಡಿಗೆ ಇಳಿಸಿದರೆ ಗುಂಪೇ ಆಗಲಿಲ್ಲ. 1 ನಿಮಿಷದ ಹತ್ತಿರ ಎರಡೂ ಆಯಿತು. ಲ್ಯಾಂಪು ಸರಿಸಿದಾಗ ಮೊದಲು ಅಂಚಿನವು ಕಳಚಿಕೊಂಡವು, ನಡುವಿನವು ಕೊನೆಗೆ. ಗೋಡೆಗೆ ಸಿಕ್ಕಿಕೊಂಡ ಎರಡನ್ನು ಬಿಟ್ಟು, ಉಳಿದ 23 ಹೊಸ ಮೂಲೆಗೆ ಹೋಗಿ ಸೇರಿದವು.