ಡಿಸ್ಕನೆಕ್ಟ್ ಮೊದಲು, ಪ್ರೋಬ್ ಆಮೇಲೆ

ಲಿನಕ್ಸ್‌ಗೆ ಯುಎಸ್‌ಬಿ ಡ್ರೈವರ್ ಬರೆಯುವಾಗ ನಾನು ಮೊದಲು ಬರೆಯುವುದು ಸಾಧನ ಕಿತ್ತಾಗ ಓಡುವ ಡಿಸ್ಕನೆಕ್ಟ್ ಫಂಕ್ಷನ್; ಸಾಧನ ಸಿಕ್ಕಿಸಿದಾಗ ಓಡುವ ಪ್ರೋಬ್ ಆಮೇಲೆ. ನಾನು ಕಂಡ ಯೂಸ್-ಆಫ್ಟರ್-ಫ್ರೀ ದೋಷಗಳು (ಫ್ರೀ ಮಾಡಿದ, ಅಂದರೆ ಬಿಟ್ಟುಕೊಟ್ಟ ಮೆಮೊರಿಯನ್ನು ಮತ್ತೆ ಮುಟ್ಟುವುದು) ಹೆಚ್ಚಾಗಿ ಅಡಗಿದ್ದದ್ದು ಸಾಧನ ಕಿತ್ತ ಮೇಲಿನ ಆ ಕೆಲವು ಮಿಲಿಸೆಕೆಂಡುಗಳಲ್ಲೇ.

ಈ ಕ್ರಮ ರೂಢಿಯಾದದ್ದು ಆಗೊಮ್ಮೆ ಈಗೊಮ್ಮೆ ಕ್ರ್ಯಾಶ್ ಆಗುವ ಒಂದು ಹಳೆಯ ಡ್ರೈವರ್ ನನ್ನ ಪಾಲಿಗೆ ಬಂದಾಗ. ಮೆಮೊರಿ ತಪ್ಪುಗಳನ್ನು ಹಿಡಿಯುವ ಕೆಎಸಾನ್ ಹಾಕಿ, ಲಿನಕ್ಸ್‌ನ ತಿರುಳಾದ ಕರ್ನಲ್ ಬಿಲ್ಡ್ ಮಾಡಿದೆ. ಅದು ಪ್ರತಿ 8 ಬೈಟ್ ಮೆಮೊರಿಗೆ 1 ಬೈಟ್ ಲೆಕ್ಕ ಇಡುತ್ತದೆ, ಫ್ರೀ ಮಾಡಿದ ಜಾಗವನ್ನು ಕೂಡಲೇ ಮರುಬಳಕೆಗೆ ಕೊಡದೆ ಕ್ವಾರಂಟೈನ್‌ನಲ್ಲಿ ಇಡುತ್ತದೆ. ಹಿನ್ನೆಲೆಯಲ್ಲಿ ಓಡುವ ವರ್ಕ್ ಫಂಕ್ಷನ್‌ನೊಳಗೆ ಸಣ್ಣ ಎಂಸ್ಲೀಪ್ (ಬೇಕೆಂದೇ ತಡಮಾಡುವ ಕರೆ) ಹಾಕಿ, ಸಿಸ್‌ಎಫ್‌ಎಸ್‌ನ ಅನ್‌ಬೈಂಡ್ ಕಡತಕ್ಕೆ (ಬರೆದರೆ ಕರ್ನಲ್ ಸಾಧನವನ್ನು ಡ್ರೈವರ್‌ನಿಂದ ಬಿಡಿಸುತ್ತದೆ) ಸ್ಕ್ರಿಪ್ಟ್‌ನಿಂದ ಬರೆಯುತ್ತಾ ಹೋದೆ. ಮುಟ್ಟಿದ್ದು ಯಾರು, ಅಲೊಕೇಟ್ ಮಾಡಿದ್ದು ಯಾರು, ಫ್ರೀ ಮಾಡಿದ್ದು ಯಾರು: ಫಂಕ್ಷನ್ ಕರೆಗಳ ಜಾಡು ತೋರಿಸುವ ಮೂರು ಸ್ಟ್ಯಾಕ್ ಟ್ರೇಸ್‌ಗಳೂ ರಿಪೋರ್ಟ್‌ನಲ್ಲಿ ಬಂದವು. ಡಿಸ್ಕನೆಕ್ಟ್ ಫ್ರೀ ಮಾಡಿದ ಸ್ಟ್ರಕ್ಟ್ (ಡ್ರೈವರ್‌ನ ದತ್ತಾಂಶದ ಕಟ್ಟು) ಅನ್ನು ವರ್ಕ್ ಮುಟ್ಟುತ್ತಿತ್ತು.

ಇಂಥ ಕಡೆ ಪಾಯಿಂಟರ್ ಖಾಲಿಯೇ ಎಂದು ನೋಡುವ ನಲ್ ಚೆಕ್ ಸೇರಿಸಿ ಕೈತೊಳೆದುಕೊಳ್ಳುವವರಿದ್ದಾರೆ. ಅದರಿಂದ ಪ್ರಯೋಜನವಿಲ್ಲ; ಚೆಕ್ ಮುಗಿದ ಮರುಕ್ಷಣ ಇನ್ನೊಂದು ಸಿಪಿಯು ಫ್ರೀ ಮಾಡಬಹುದು. ಕೆಲಸ ನಿಲ್ಲಿಸುವ ಕ್ರಮ ಸರಿಯಿರಬೇಕು. ಯುಆರ್‌ಬಿ (ಯುಎಸ್‌ಬಿ ವರ್ಗಾವಣೆಯ ಕೋರಿಕೆ) ಮುಗಿದಾಗ ವರ್ಕ್ ಕ್ಯೂ ಆಗುತ್ತದೆ, ವರ್ಕ್ ಮತ್ತೆ ಯುಆರ್‌ಬಿ ಕಳಿಸುತ್ತದೆ. ವರ್ಕ್ ಮೊದಲು ನಿಲ್ಲಿಸಿದರೆ ಯುಆರ್‌ಬಿ ಅದನ್ನು ಮತ್ತೆ ಎಬ್ಬಿಸುತ್ತದೆ. ಹಾಗಾಗಿ ಮೊದಲು ಯುಆರ್‌ಬಿ ನಿಲ್ಲಿಸುವ ಯುಎಸ್‌ಬಿ_ಪಾಯ್ಸನ್_ಯುಆರ್‌ಬಿ, ಆಮೇಲೆ ವರ್ಕ್ ನಿಲ್ಲುವವರೆಗೆ ಕಾಯುವ ಕ್ಯಾನ್ಸಲ್_ವರ್ಕ್_ಸಿಂಕ್. ಪಾಯ್ಸನ್ ಆದ ಯುಆರ್‌ಬಿಯನ್ನು ಮತ್ತೆ ಕಳಿಸಲು ಹೋದರೆ ಸಬ್‌ಮಿಟ್ ವಿಫಲವಾಗುತ್ತದೆ.

ಅಷ್ಟಾದರೂ ಒಂದು ಬಾಗಿಲು ತೆರೆದೇ ಇರುತ್ತದೆ. ಸಾಧನ ಹೋದರೂ ಯಾವುದೋ ಪ್ರೋಗ್ರಾಂ ಫೈಲ್ ತೆರೆದಿಟ್ಟುಕೊಂಡಿರಬಹುದು. ಡೆವ್‌ಎಂ (ಕರ್ನಲ್ ತಾನೇ ಫ್ರೀ ಮಾಡುವ ಬಗೆ) ಮೂಲಕ ಪಡೆದ ಮೆಮೊರಿ ಅನ್‌ಬೈಂಡ್ ಆದೊಡನೆ ಹೋಗುತ್ತದೆ, ಫೈಲ್ ತೆರೆದಿದೆಯೇ ಎಂದು ನೋಡುವುದಿಲ್ಲ. ಆದ್ದರಿಂದ ಫೈಲ್ ಕಡೆಯಿಂದ ಪಾಯಿಂಟರ್ ಇರುವ ಸ್ಟ್ರಕ್ಟ್‌ಗೆ ನಾನು ಡೆವ್‌ಎಂ ಬಳಸುವುದಿಲ್ಲ. ಬಳಸುವವರನ್ನು ಎಣಿಸುವ ಕೆರೆಫ್ ಇಡುತ್ತೇನೆ, ಕೊನೆಯ ಪುಟ್ (ಬಿಟ್ಟುಕೊಡುವ ಕರೆ) ಆದಾಗ ಮಾತ್ರ ಫ್ರೀ. ಸಾಧನ ಹೋಯಿತೆಂಬ ಫ್ಲ್ಯಾಗನ್ನು ಮ್ಯೂಟೆಕ್ಸ್ (ಒಮ್ಮೆಗೆ ಒಬ್ಬರಿಗೇ ಸಿಗುವ ಬೀಗ) ಹಿಡಿದು ಏರಿಸುತ್ತೇನೆ. ರೀಡ್ ಕೂಡ ಅದೇ ಮ್ಯೂಟೆಕ್ಸ್ ಹಿಡಿದು ನೋಡಿ, ಫ್ಲ್ಯಾಗ್ ಏರಿದ್ದರೆ ಇನೋಡೆವ್ (ಸಾಧನವಿಲ್ಲ) ಎರರ್ ಹಿಂದಿರುಗಿಸುತ್ತದೆ.

ಸಾಧನ ಹೇಳುವ ಉದ್ದವನ್ನಂತೂ ನಾನು ಎಂದೂ ನಂಬುವುದಿಲ್ಲ. ಗಾತ್ರದ ಗುಣಾಕಾರಕ್ಕೆ, ಮಿತಿ ಮೀರುವುದನ್ನು ಹಿಡಿಯುವ ಸ್ಟ್ರಕ್ಟ್_ಸೈಜ್ ಇದೆ.

ಗ್ರಾಹಕರ ಯಂತ್ರಗಳಿಗೆ ಕೆಎಸಾನ್ ಭಾರವಾಗುತ್ತದೆ. ಅಲ್ಲಿ ಕರ್ನಲ್ 5.12ರಿಂದ ಬಂದ, ಇದೇ ಕೆಲಸದ ಹಗುರವಾದ ಕೆಫೆನ್ಸ್ ಹಾಕುತ್ತೇವೆ. ಅದು ಅಲೊಕೇಶನ್‌ಗಳಲ್ಲಿ ಕೆಲವನ್ನಷ್ಟೇ ಕಾಯುತ್ತದೆ, ಆದರೆ ಯಂತ್ರಗಳು ಬಹಳವಿದ್ದಾಗ ಆ ಕೆಲವೇ ಸಾಕಷ್ಟಾಗುತ್ತವೆ. 6.1ರಲ್ಲಿ ರಸ್ಟ್ ಭಾಷೆಗೆ ಬೆಂಬಲ ಸೇರಿದ್ದು ನನಗೆ ನಿಜವಾದ ಸಂತೋಷ: ಮೆಮೊರಿ ಯಾರದು, ಎಲ್ಲಿಯವರೆಗೆ ಎಂಬುದನ್ನು ಸೇಫ್ ಕೋಡ್‌ನಲ್ಲಿ ಕಂಪೈಲರೇ ಕೇಳುತ್ತದೆ. ಸಿ ಭಾಷೆಯ ಪ್ಯಾಚ್ ಬಂದಾಗ ಅದನ್ನು ನಾನೇ ಕೇಳುತ್ತೇನೆ, ಮತ್ತು ಉತ್ತರ ಕಮಿಟ್ ಮೆಸೇಜಿನಲ್ಲಿ ಬರೆದಿರಬೇಕು ಎನ್ನುತ್ತೇನೆ.